ಮೈನಸ್ ಒಂದು

“ಜನ್ಮದಲ್ಲಿ ಒಂದು ಸಾಲಾನಾದ್ರೂ ಮಾಡಿದ್ದೀಯೇನಮ್ಮ?”

ಬ್ಯಾಂಕಿನ ಕನ್ನಡಕದವನು ಇದನ್ನು ಕೇಳಿದ ಧಾಟಿ ನೋಡಿದರೆ, ಜನ್ಮದಲ್ಲಿ ಒಂದು ಸಲವಾದರೂ ಮೈ ತೊಳೆದುಕೊಂಡಿದ್ದೀಯಾ ಎಂದು ಕೇಳಿದಂತಿತ್ತು. ಹಿಂದೆ ಸರದಿಯಲ್ಲಿ ನಿಂತಿದ್ದ ಏಳೆಂಟು ಜನ ಕತ್ತು ಚಾಚಿದರು. ಮಸಿಯಕ್ಕ ಮಾತ್ರ ಕುರ್ಚಿಯ ತುದಿಯಲ್ಲಿ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದಳು. ನಲವತ್ತಾರು ವರ್ಷದಿಂದ ಹೇಳಬೇಕೆಂದಿದ್ದ ಮಾತು ಅದು. ಇಷ್ಟು ದಿನ ಯಾರೂ ಕೇಳಿರಲಿಲ್ಲ.

“ಇಲ್ಲ ಸ್ವಾಮಿ. ಒಂದು ಬಿಡಿಕಾಸೂ ಇಲ್ಲ. ಅಂಗಡೀಲಿ ಉಪ್ಪು ಸಹ ಕಡ ತಂದೋಳಲ್ಲ ನಾನು.”

“ಅದೇ ಕಣಮ್ಮ ತೊಂದ್ರೆ.”

ಅವನು ಕಂಪ್ಯೂಟರಿನ ಮುಖವನ್ನು ಅವಳ ಕಡೆ ತಿರುಗಿಸಿದ. “ಇಲ್ಲಿ ನೋಡು. ನಿನ್ನ ನಂಬರು ಹೊಡೆದ್ರೆ ಏನು ಬರ್ತಿದೆ? ಮೈನಸ್ ಒಂದು. ಅಂದ್ರೆ ನೀನು ಇಲ್ಲ.”

“ಎಲ್ಲಿ ಇಲ್ಲ?”

“ಇದರಲ್ಲಿ ಇಲ್ಲ.”

“ಇಲ್ಲೇ ಕೂತಿದ್ದೀನಲ್ಲ ಸ್ವಾಮಿ.”

“ಇಲ್ಲಿ ಕೂತಿರೋದು ಬೇರೆ, ಇದರೊಳಗೆ ಇರೋದು ಬೇರೆ. ಸಾಲ ತಗೊಂಡು ಕಂತು ಕಟ್ಟಿದೋರಿಗೆಲ್ಲ ಇದು ಒಂದು ಮಾರ್ಕು ಕೊಡುತ್ತೆ. ಕ್ರೆಡಿಟ್ ಸ್ಕೋರು ಅಂತ. ಮುನ್ನೂರರಿಂದ ಒಂಬೈನೂರರವರೆಗೆ. ನಿನಗೆ ಯಾವುದೂ ಇಲ್ಲ.”

ಮಸಿಯಕ್ಕ ಆ ಅಂಕಿಯನ್ನು ಚೆನ್ನಾಗಿ ನೋಡಿದಳು. ಲಾಂಡ್ರಿಯಲ್ಲಿ ಬಟ್ಟೆಗೆ ಗುರುತು ಹಾಕುವುದು ಅವಳ ಕೆಲಸ. ಬಲಗೈಯ ಮೂರು ಬೆರಳು ಸದಾ ಕಪ್ಪಾಗಿರುವುದರಿಂದ ಮಸಿಯಕ್ಕ ಎಂಬ ಹೆಸರು ಬಂದಿತ್ತು. ಗೀಟು, ಚುಕ್ಕೆ, ಅಂಕಿ ಅವಳಿಗೆ ಹೊಸದೇನಲ್ಲ. ಆದರೆ ಸೊನ್ನೆಗಿಂತ ಕೆಳಗೆ ಮನುಷ್ಯರನ್ನು ಬರೆದದ್ದನ್ನು ಅವಳು ನೋಡಿರಲಿಲ್ಲ.

“ಸಾಲ ತಗೊಂಡು ಮುಳುಗಿಸಿದೋರಿಗೆ ಎಷ್ಟು ಬರುತ್ತೆ ಸ್ವಾಮಿ?”

“ಅವರಿಗೆ ಮುನ್ನೂರು, ಮುನ್ನೂರೈವತ್ತು ಬರುತ್ತೆ.”

“ಮುಳುಗಿಸಿದ ಕಳ್ಳನಿಗೆ ಮುನ್ನೂರು, ನನಗೆ ಮೈನಸ್ ಒಂದಾ? ಒಂದು ಸೊನ್ನೆಯಾದ್ರೂ ಹಾಕಿ, ಬಡವಿ ಅಂತ.”

ಸರದಿಯಲ್ಲಿದ್ದವರು ಕಿಸಕ್ಕನೆ ನಕ್ಕರು. ಕನ್ನಡಕದವನೂ ನಕ್ಕ. ಅವನು ಕೆಟ್ಟವನೇನಲ್ಲ, ಅವನ ಅಂಗಿಗೆ ಎರಡು ಚುಕ್ಕೆ ಒಂದು ಗೀಟು ಹಾಕುವವಳು ಮಸಿಯಕ್ಕನೇ. ಆದರೆ ಅದು ಅವನಿಗೆ ಗೊತ್ತಿರಲಿಲ್ಲ.

“ಕಳ್ಳ ಕಳ್ಳ ಅಂತಾನಾದ್ರೂ ನಮಗೆ ಗೊತ್ತಿದೆಯಲ್ಲಮ್ಮ. ನಿನ್ನ ವಿಷಯ ಏನು ಗೊತ್ತು ನಮಗೆ?”

ಅಷ್ಟರಲ್ಲಿ ಬಾಗಿಲು ತೆರೆದು ಲಾಂಡ್ರಿಯ ಯಜಮಾನ ಒಳಗೆ ಬಂದ. ಕನ್ನಡಕದವನು ಸ್ಪ್ರಿಂಗಿನ ಮೇಲೆ ಕೂತಿದ್ದನೇನೋ ಎಂಬಂತೆ ಎದ್ದ. “ಬನ್ನಿ ಸಾರ್, ಬನ್ನಿ” ಎಂದು ಚಹಾಕ್ಕೆ ಕೂಗಿ, ಇದ್ದ ಒಂದೇ ಕುರ್ಚಿಯ ಮೇಲೆ ಕೂತಿದ್ದ ಮಸಿಯಕ್ಕನತ್ತ ಹುಬ್ಬು ಹಾರಿಸಿದ. ಅವಳು ಎದ್ದು ಗೋಡೆಗೆ ಸರಿದು ನಿಂತಳು.

“ಏನೇ ಮಸಿ, ಕೆಲಸದ ಹೊತ್ತಲ್ಲಿ ಇಲ್ಲೇನೇ ನಿನ್ನ ಕಾರುಬಾರು?”

“ಸಾಲ ಕೇಳೋಕೆ ಬಂದಿದ್ದೆ ಯಜಮಾನ್ರೆ.”

“ಸಾಲ ಸುಮ್ನೆ ಕೊಡ್ತಾರೇನೇ? ಯೋಗ್ಯತೆ ಬೇಕು.” ಯಜಮಾನ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತ. “ನನ್ನದೆಷ್ಟು ಅಂತ ಹೇಳಿ ಇವಳಿಗೆ.”

“ಸಾರ್‌ದು ಎಂಟುನೂರ ಹನ್ನೆರಡು,” ಎಂದ ಕನ್ನಡಕದವನು, ಸ್ವಂತ ಮಗನ ಅಂಕಪಟ್ಟಿ ಓದುವವನ ಹಾಗೆ. “ಆರು ಸಾಲ. ಆರೂ ಸಾಲದಲ್ಲಿ ಒಂದು ಕಂತು ಒಂದು ದಿನ ತಡ ಆಗಿಲ್ಲ. ಈ ಸಲದ ಉತ್ತಮ ಸಾಲಗಾರ ಬಹುಮಾನ ಸಾರ್‌ಗೇ.”

ಆರು ಸಾಲ ಮಾಡಿದವನು ಕೂತು ಚಹಾ ಕುಡಿದ. ಒಂದೂ ಮಾಡದವಳು ನಿಂತು ನೋಡಿದಳು. ಹೊರಡುವ ಮುಂಚೆ ಕನ್ನಡಕದವನು ಅವಳಿಗೆ ಒಂದು ಉಪಾಯ ಹೇಳಿಕೊಟ್ಟ. ಯಾವುದಾದರೂ ಸಣ್ಣ ಸಾಮಾನು ಕಂತಿನ ಮೇಲೆ ತಗೋ, ತಿಂಗಳಿಗೊಂದರಂತೆ ಆರು ಕಂತು ಸರಿಯಾಗಿ ಕಟ್ಟು, ಆಗ ನೀನು ಇದರೊಳಗೆ ಬರ್ತೀಯ, ಆಮೇಲೆ ದೊಡ್ಡ ಸಾಲದ ಮಾತಾಡೋಣ ಎಂದ. ಸುಮ್ಮಸುಮ್ಮನೆ ಬ್ಯಾಂಕಿಂದ ಬ್ಯಾಂಕಿಗೆ ಸಾಲ ಕೇಳ್ತಾ ಅಲೀಬೇಡ, ಕೇಳಿದ್ದನ್ನೂ ಇದು ಬರ್ಕೊಳ್ಳುತ್ತೆ ಎಂದೂ ಸೇರಿಸಿದ.

“ಕೊಟ್ಟಿದ್ದನ್ನೂ ಬರ್ಕೊಳ್ಳುತ್ತಾ ಸ್ವಾಮಿ?” ಎಂದಳು ಮಸಿಯಕ್ಕ. ಆ ಪ್ರಶ್ನೆ ಯಾರಿಗೂ ಅರ್ಥವಾಗಲಿಲ್ಲ.

ಅವಳ ಅವ್ವ ಕೊಟ್ಟಿದ್ದಳು. ಇದೇ ಲಾಂಡ್ರಿಯಲ್ಲಿ, ಈ ಯಜಮಾನನ ಅಪ್ಪನ ಕಾಲದಲ್ಲಿ, ಗಂಡನ ಔಷಧಿಗೆಂದು ಒಂದು ಸಲ ಸಾಲಕ್ಕೆ ಕೈಯೊಡ್ಡಿ, ಆ ಒಂದು ಸಲಕ್ಕೆ ಹನ್ನೊಂದು ವರ್ಷ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದಳು. ಒಗೆದಷ್ಟೂ ಸಾಲ ಬೆಳೆಯಿತು, ಅವ್ವ ಸವೆದಳು. ಕೊನೆಗೆ ಮಗಳ ಕೈ ಹಿಡಿದು, ಹಸಿದುಕೊಂಡಾದರೂ ಇರು, ಯಾರ ಹತ್ತಿರವೂ ಸಾಲ ಮಾತ್ರ ಮಾಡಬೇಡ ಎಂದು ಹೇಳಿ ಕಣ್ಣು ಮುಚ್ಚಿದಳು. ಮಸಿಯಕ್ಕ ಆ ಮಾತನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದಳು. ಅದರ ಫಲವೇ ಮೈನಸ್ ಒಂದು.

ಲಾಂಡ್ರಿಗೆ ವಾಪಸು ಬಂದಾಗ ನಾದಿನಿ ಇಸ್ತ್ರಿ ಮೇಜಿನ ಹಿಂದೆ ಬೆವರಿನಲ್ಲಿ ಮಿಂದು ನಿಂತಿದ್ದಳು. ಅವಳು ಮಸಿಯಕ್ಕನ ಗಂಡನ ತಂಗಿ. ಗಂಡ ಹೋದ ಮೇಲೆ ಅತ್ತಿಗೆ ನಾದಿನಿ ಇಬ್ಬರೂ ಒಂದೇ ಕೋಣೆಯಲ್ಲಿ ಒಂದೇ ಒಲೆಯ ಮೇಲೆ ಸಂಸಾರ ನಡೆಸುತ್ತಿದ್ದರು. ನಾದಿನಿಯ ಇಸ್ತ್ರಿ ಎಷ್ಟು ನಯವೋ ಬಾಯಿ ಅಷ್ಟೇ ಒರಟು.

“ಇಲ್ಲವಂತೆ ಕಣೆ ನಾನು,” ಎಂದಳು ಮಸಿಯಕ್ಕ.

“ಹಂಗಂದ್ರೆ?”

“ಲೋಕದಲ್ಲೇ ಇಲ್ಲವಂತೆ. ಸಾಲ ಮಾಡಿದೋರು ಮಾತ್ರ ಇರೋದಂತೆ.”

“ಅವನ ಬಾಯಿಗೆ ಸೋಡಾ ಹಾಕ, ಬೋಳಿಮಗ. ನೀನಿಲ್ಲದಿದ್ರೆ ಬೆಳಿಗ್ಗೆ ನನ್ನ ಪಾಲಿನ ಬನ್ನು ತಿಂದೋಳು ಯಾರು ಹಾಗಾದ್ರೆ?”

ಇಬ್ಬರೂ ನಕ್ಕರು. ಆದರೆ ನಗುವ ವಿಷಯ ಅದಾಗಿರಲಿಲ್ಲ. ಬೀದಿಯ ಮೂಲೆಯಲ್ಲಿ ದರ್ಜಿ ತಾತನ ಮಳಿಗೆಯಿತ್ತು. ತಾತನಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಹೋಗುತ್ತಿರಲಿಲ್ಲ. ಆರು ತಿಂಗಳಲ್ಲಿ ಮಳಿಗೆ ಬಿಟ್ಟು ಮಗಳ ಮನೆಗೆ ಹೋಗುತ್ತೇನೆ, ಎಪ್ಪತ್ತು ಸಾವಿರ ಮುಂಗಡ ಕೊಟ್ಟರೆ ನಿಮ್ಮ ಹೆಸರಿಗೆ ಮಾಡಿಸಿಕೊಡುತ್ತೇನೆ ಎಂದು ಅವನೇ ಬಾಯಿಬಿಟ್ಟು ಹೇಳಿದ್ದ. ಎರಡು ಇಸ್ತ್ರಿ, ಒಂದು ಮೇಜು, ಒಂದು ಶಾಯಿ ಬಾಟಲಿ. ಇಬ್ಬರೇ ಯಜಮಾನಿಯರು. ಮಸಿಯಕ್ಕ ಆ ಮಳಿಗೆಯ ಮುಂದೆ ಹಾದುಹೋಗುವಾಗಲೆಲ್ಲ ಮೇಜು ಎಲ್ಲಿ ಹಾಕಬೇಕು ಎಂದು ಮನಸ್ಸಿನಲ್ಲೇ ಹಾಕಿ ನೋಡುತ್ತಿದ್ದಳು. ಇದುವರೆಗೆ ಹದಿನಾಲ್ಕು ಕಡೆ ಹಾಕಿ ತೆಗೆದಿದ್ದಳು. ಡಬ್ಬಿಯಲ್ಲಿ ಕೂಡಿಟ್ಟದ್ದು ಇಪ್ಪತ್ತು ಸಾವಿರ ಇತ್ತು. ಉಳಿದ ಐವತ್ತಕ್ಕೆ ಬ್ಯಾಂಕು.

ಕಂತಿನ ಮೇಲೆ ಒಂದು ಟೇಬಲ್ ಫ್ಯಾನು ತರುವುದೆಂದು ತೀರ್ಮಾನವಾಯಿತು. ಇಷ್ಟಕ್ಕೂ ಅವರ ಕೋಣೆ ಸೆಕೆಯಲ್ಲಿ ಲಾಂಡ್ರಿಯ ಬಾಯ್ಲರಿನ ತಮ್ಮನಂತಿತ್ತು.

ವಿದ್ಯುತ್ ಸಾಮಾನಿನ ಅಂಗಡಿಯವನು ಫ್ಯಾನು ತೋರಿಸಿದ. ಮೂರು ಸಾವಿರ. ಮಸಿಯಕ್ಕ ಅಭ್ಯಾಸಬಲದಿಂದ ಸೆರಗಿನ ಗಂಟು ಬಿಚ್ಚಿ ಮೂರು ಸಾವಿರ ಮೇಜಿನ ಮೇಲೆ ಇಟ್ಟಳು. ನಾದಿನಿ ಅವಳ ಮೊಣಕೈಗೆ ಗುದ್ದಿ, “ಎತ್ತು, ಎತ್ತಿಡು. ಸಾಲ ಮಾಡೋಕೆ ಬಂದಿರೋದು ನಾವು” ಎಂದಳು. ಅಂಗಡಿಯವನು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ.

“ದುಡ್ಡಿದ್ದೂ ಸಾಲ ಕೇಳ್ತೀರಲ್ಲ, ತಲೆ ನೆಟ್ಟಗಿದೆಯಾ?”

“ನೆಟ್ಟಗಿದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು ಕಣಪ್ಪ,” ಎಂದಳು ಮಸಿಯಕ್ಕ.

ಐನೂರರಂತೆ ಆರು ಕಂತು. ಎಂಟು ಕಡೆ ಸಹಿ. ಸಹಿ ಹಾಕುವಾಗ ಅವಳು ಎರಡು ಸಲ ಹಿಂದೆ ತಿರುಗಿ ನೋಡಿದಳು. ಅವ್ವ ಎಲ್ಲೋ ನಿಂತು ನೋಡುತ್ತಿದ್ದಾಳೆ ಅನ್ನಿಸಿ ನಿಜವಾಗಿಯೂ ಹೆದರಿಕೆಯಾಯಿತು.

ಫ್ಯಾನು ಮನೆಗೆ ಬಂತು. ಬಂದದ್ದು ಪೆಟ್ಟಿಗೆಯೊಳಗೇ ಕೂತಿತು. ಬೇಕಿದ್ದರೆ ಬೆವರಿ ಸಾಯುತ್ತೇನೆ, ಕಂತು ಮುಗಿಯುವ ತನಕ ಅದನ್ನು ಮುಟ್ಟುವುದಿಲ್ಲ ಎಂದಳು ಮಸಿಯಕ್ಕ. ನಮ್ಮದಲ್ಲದ ಗಾಳಿ ನಮಗೆ ಹೇಗೆ ಹತ್ತುತ್ತೆ ಎಂಬುದು ಅವಳ ವಾದ.

“ಆರು ತಿಂಗಳು ಹೀಗೇ ಮುಸುಕು ಹಾಕಿ ಕೂರಿಸ್ತೀಯಾ ಅತ್ತಿಗೆ ಇದನ್ನ?” ನಾದಿನಿ ಪೆಟ್ಟಿಗೆಯ ರಟ್ಟನ್ನೇ ಹರಿದುಕೊಂಡು ಬೀಸಿಕೊಳ್ಳತೊಡಗಿದಳು. “ಲೇ ಫ್ಯಾನೇ, ನಮ್ಮತ್ತಿಗೆ ಕಣ್ಣಿಗೆ ನೀನು ನೆಂಟ ಕಣೋ. ನೀನು ಕೂತಿರ್ಬೇಕು, ನಾವು ಗಾಳಿ ಬೀಸ್ಬೇಕು.”

ಮೊದಲ ನಾಲ್ಕು ದಿನ ಮಸಿಯಕ್ಕನಿಗೆ ಊಟ ಸೇರಲಿಲ್ಲ. ಐದನೇ ದಿನ ಅಂಗಡಿಯವನು ಬೀದಿಯಲ್ಲಿ ಎದುರಾದಾಗ ಸಾಲಗಾರಳಂತೆ ತಲೆ ತಗ್ಗಿಸಿ ಹಾದುಹೋದಳು. ಏಳನೇ ದಿನ ಗುರುತು ಹಾಕುವಾಗ ಒಬ್ಬರ ಮನೆಯ ದಿಂಬಿನ ಚೀಲಕ್ಕೆ ಇನ್ನೊಬ್ಬರ ಗುರುತು ಬಿತ್ತು. ಇಪ್ಪತ್ತಾರು ವರ್ಷದಲ್ಲಿ ಆಗದ ತಪ್ಪು ಅದು. ಒಂಬತ್ತನೇ ದಿನ ಅವಳು ಯಾರಿಗೂ ಹೇಳದೆ ಡಬ್ಬಿಯಿಂದ ದುಡ್ಡು ತೆಗೆದುಕೊಂಡು ಹೋಗಿ, ಅಂಗಡಿಯವನ ಮುಂದೆ ಆರೂ ಕಂತನ್ನು ಒಟ್ಟಿಗೆ ಸುರಿದಳು. ಅವಧಿಗೆ ಮುಂಚೆ ತೀರಿಸಿದ್ದಕ್ಕೆ ದಂಡ ಇನ್ನೂರು ಎಂದ ಅವನು. ಅದನ್ನೂ ಸಂತೋಷದಿಂದ ಕೊಟ್ಟಳು. ಮನೆಗೆ ಬಂದು ಫ್ಯಾನನ್ನು ಪೂರಾ ಜೋರಿಗೆ ಹಾಕಿ ಅದರ ಮುಂದೆ ಕಾಲು ಚಾಚಿ ಕೂತಳು. ಅಂಥ ಸುಖ ಅವಳಿಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ.

ಮಾರನೇ ದಿನ ಬೀಗುತ್ತಾ ಬ್ಯಾಂಕಿಗೆ ಹೋದಳು. “ಆರು ತಿಂಗಳದ್ದು ಒಂಬತ್ತೇ ದಿನದಲ್ಲಿ ತೀರಿಸಿದೀನಿ ಸ್ವಾಮಿ. ಈಗ ನೋಡಿ ಎಷ್ಟು ಬಂದಿದೆ.”

ಕನ್ನಡಕದವನು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಆಮೇಲೆ ಹಣೆಗೆ ಕೈ ಹಚ್ಚಿ ಕೂತ.

“ಅಯ್ಯೋ ಮಾರಾಯ್ತಿ, ಒಂದು ಕಂತೂ ಬೀಳೋ ಮುಂಚೆ ಮುಗಿಸಿದ್ರೆ ನೀನು ಕಂತು ಕಟ್ಟೋಳೋ ಅಲ್ಲವೋ ಅಂತ ಇದಕ್ಕೆ ಹೇಗೆ ಗೊತ್ತಾಗ್ಬೇಕು? ಮೈನಸ್ ಒಂದೇ ಇದೆ. ಮತ್ತೆ ಮೊದಲಿಂದ ಶುರು ಮಾಡು.”

“ತೀರಿಸಿದ್ದು ತಪ್ಪಾಯ್ತಾ?”

“ಬೇಗ ತೀರಿಸಿದ್ದು ತಪ್ಪಾಯ್ತು.”

“ನಮ್ಮವ್ವ ಹನ್ನೊಂದು ವರ್ಷ ತೀರಿಸಿದಳು ಸ್ವಾಮಿ. ಅದೂ ತಪ್ಪು, ಇದೂ ತಪ್ಪು. ಸರಿಯಾದದ್ದು ಎಷ್ಟು ದಿನ ಅಂತ ಗೋಡೆ ಮೇಲೆ ಬರೆದು ಹಾಕಿ, ಪುಣ್ಯ ಬರುತ್ತೆ.”

ಹೀಗೆ ಹೇಳಿ ನಗಿಸಿ ಬಂದವಳು, ಬ್ಯಾಂಕಿನ ಮೆಟ್ಟಿಲಿಳಿದು ಪಕ್ಕದ ಕಟ್ಟೆಯ ಮೇಲೆ ಕೂತಳು. ಅಳು ಬಂದಿತ್ತು. ಬೆರಳಿಗಂಟಿದ ಹಸಿ ಶಾಯಿ ಕೆನ್ನೆಗೂ ಹತ್ತುತ್ತದೆಂದು ಮುಂಗೈಯಿಂದ ಕಣ್ಣೊರೆಸಿಕೊಂಡಳು.

ಅದೇ ವಾರ ದರ್ಜಿ ತಾತ ಅವಳನ್ನು ಕರೆದು ಮುಖ ಸಣ್ಣದು ಮಾಡಿಕೊಂಡ. ಅಳಿಯನೇ ಬಂದು ಕರೆದುಕೊಂಡು ಹೋಗುತ್ತಾನಂತೆ. ಇನ್ನು ಆರು ತಿಂಗಳು ಇರುವ ಹಾಗಿಲ್ಲ. ಮೊಬೈಲು ಮಾರುವವನೊಬ್ಬ ನಗದು ಹಿಡಿದುಕೊಂಡು ನಿಂತಿದ್ದಾನೆ.

“ನಿನಗೇ ಕೊಡ್ಬೇಕು ಅಂತ ನನ್ನ ಆಸೆ ಮಗಳೇ. ಬರೋ ಶನಿವಾರ ಮಧ್ಯಾಹ್ನ ಹನ್ನೆರಡರವರೆಗೆ ಅವನನ್ನ ಹಿಡಿದು ನಿಲ್ಲಿಸ್ತೀನಿ. ಅಷ್ಟರೊಳಗೆ ತಂದುಬಿಡು.”

ಶುಕ್ರವಾರ ಸಂಬಳದ ದಿನ. ಲಾಂಡ್ರಿಯಲ್ಲಿ ಮೂವತ್ತೊಂದು ಜನ. ಬಾಯ್ಲರಿನವರು, ಒಗೆಯುವವರು, ಹಿಂಡುವವರು, ಮಡಿಸುವವರು, ಎಲ್ಲರೂ ಕಚೇರಿಯ ಬಾಗಿಲ ಹೊರಗೆ ಸಾಲಾಗಿ ನಿಂತರು. ಎರಡು ತಿಂಗಳಿಂದ ಹೀಗೇ ನಿಂತು ಹೀಗೇ ವಾಪಸು ಹೋಗಿದ್ದರು. ಇದು ಮೂರನೇ ತಿಂಗಳು. ಮಸಿಯಕ್ಕ ನಿಂತಲ್ಲೇ ಲೆಕ್ಕ ಹಾಕಿದಳು. ತನಗೂ ನಾದಿನಿಗೂ ತಲಾ ಒಂಬತ್ತು ಸಾವಿರ, ಮೂರು ತಿಂಗಳಿಗೆ ಐವತ್ನಾಲ್ಕು. ಫ್ಯಾನಿಗೆ ಹೋಗಿ ಡಬ್ಬಿಯಲ್ಲಿ ಉಳಿದದ್ದು ಹದಿನಾರು ಸಾವಿರದ ಎಂಟುನೂರು. ಎರಡೂ ಸೇರಿದರೆ ಎಪ್ಪತ್ತು ದಾಟಿ ಮೇಲೆ ಎಂಟುನೂರು ಉಳಿಯುತ್ತಿತ್ತು. ತನ್ನ ದುಡ್ಡು ತನಗೆ ಬಂದರೆ ಬ್ಯಾಂಕೂ ಬೇಡ, ಕನ್ನಡಕದವನೂ ಬೇಡ, ಅವನ ಮಾರ್ಕೂ ಬೇಡ. ಇದು ಇಷ್ಟು ದಿನ ಹೊಳೆಯದೆ ಹೋಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಯಜಮಾನ ಬನಿಯನ್ನಿನಲ್ಲೇ ಹೊರಗೆ ಬಂದ. ದಿನಾ ಲಾಂಡ್ರಿಗೆ ಬಂದು, ಇಸ್ತ್ರಿಯ ಬಿಸಿ ಆರದ ಬಿಳಿ ಅಂಗಿ ತೊಟ್ಟು ಊರೊಳಗೆ ಹೋಗುವುದು ಅವನ ಪದ್ಧತಿ. ತಾನೇ ತೊಟ್ಟುಕೊಂಡರೆ ಬೆನ್ನಿನ ಕಡೆ ಸುಕ್ಕು ಬೀಳುತ್ತದೆ ಎಂದು, ಯಾರಾದರೂ ಹಿಂದಿನಿಂದ ಅಂಗಿ ಬಿಡಿಸಿ ಹಿಡಿಯಬೇಕಿತ್ತು. ಅವನು ಮುಂದೆ ಕನ್ನಡಿ ನೋಡುತ್ತಾ, ಕೋಳಿ ರೆಕ್ಕೆ ಚಾಚಿದಂತೆ ಎರಡೂ ಕೈ ಹಿಂದಕ್ಕೆ ಚಾಚುತ್ತಿದ್ದ. ಹಿಡಿಯುವ ಕೆಲಸ ನಾದಿನಿಯದು. ಇವತ್ತೂ ಸಾಲಿನಿಂದ ಅವಳನ್ನೇ ಕರೆದ. ಅವಳು ಅಂಗಿ ಹಿಡಿದಳು. ಅವನು ಕೈ ತೂರಿಸುತ್ತಲೇ ಮಾತಾಡಿದ.

“ಈ ತಿಂಗಳೂ ಸ್ವಲ್ಪ ಕಷ್ಟ ಇದೆ ಕಣ್ರೋ. ಆರು ಕಂತು ಒಟ್ಟಿಗೆ ಬಿದ್ದಿದೆ. ಮುಂದಿನ ತಿಂಗಳು ಎಲ್ಲಾ ಸೇರಿಸಿ ನೋಡೋಣ.”

“ಕಂತು ಮುಂದಿನ ತಿಂಗಳು ಕಟ್ಟಿದ್ರೆ ಆಗಲ್ವಾ ಯಜಮಾನ್ರೆ?” ಎಂದಳು ಮಸಿಯಕ್ಕ.

“ಒಂದು ದಿನ ತಡ ಆದ್ರೂ ನನ್ನ ಸ್ಕೋರು ಬೀಳುತ್ತೆ ಕಣೇ. ನಿನಗೆ ಅದೆಲ್ಲ ಹೇಗೆ ಗೊತ್ತಾಗ್ಬೇಕು.”

“ನಮ್ಮ ಸಂಬಳ ಮೂರು ತಿಂಗಳು ತಡ ಆದ್ರೆ ಎಷ್ಟು ಬೀಳುತ್ತೆ?”

“ಅದಕ್ಕೇನು ಬೀಳುತ್ತೆ? ಏನೂ ಬೀಳಲ್ಲ.” ಅವನು ಗುಂಡಿ ಹಾಕಿಕೊಳ್ಳುತ್ತಾ ಮನಸಾರೆ ನಕ್ಕ. “ಇವಳ ಕಥೆ ಕೇಳಿದ್ರೇನ್ರೋ? ಬ್ಯಾಂಕಿನವನು ಹೇಳಿದ. ಕಂಪ್ಯೂಟರಲ್ಲಿ ಹುಡುಕಿದ್ರೆ ಇವಳು ಇಲ್ಲವೇ ಇಲ್ಲವಂತೆ. ಮೈನಸ್ ಒಂದಂತೆ. ಇಲ್ಲದೇ ಇರೋ ಮುಂಡೆಗೆ ಸಂಬಳ ಹೇಗೆ ಕೊಡ್ಲಿ ನಾನು? ಹೇಳಿ, ಯಾರ ಕೈಗೆ ಕೊಡ್ಲಿ?”

ಒಂದಿಬ್ಬರು ಹಲ್ಲು ಕಿರಿದರು. ಉಳಿದವರು ನೆಲ ನೋಡಿದರು. ಮಸಿಯಕ್ಕನ ಕಿವಿ ಬಿಸಿಯಾಯಿತು. ಆದರೆ ಅವಳು ಯೋಚಿಸುತ್ತಿದ್ದದ್ದು ಬೇರೆ. ಎಂಟುನೂರ ಹನ್ನೆರಡು ಎಲ್ಲಿಂದ ಬಂತು ಎಂಬುದು ಈಗ ಗೊತ್ತಾಗಿತ್ತು. ಅದು ಇಲ್ಲಿ ಸಾಲಾಗಿ ನಿಂತಿದೆ. ಅದರಲ್ಲಿ ಬಾಯ್ಲರಿನವನದಿಷ್ಟು, ಹಿಂಡುವವಳದಿಷ್ಟು, ತನ್ನದಿಷ್ಟು. ಎಲ್ಲರ ಸಂಬಳ ಹಿಂಡಿ ಹಿಂಡಿ ಒಬ್ಬನ ಮಾರ್ಕು ಬೆಳ್ಳಗಾಗಿದೆ.

“ನಾಳೆ ಹನ್ನೊಂದಕ್ಕೆ ಬ್ಯಾಂಕಿನ ಅಂಗಳದಲ್ಲಿ ನನಗೆ ಬಹುಮಾನ ಇದೆ,” ಎಂದ ಯಜಮಾನ. “ಎಲ್ಲರೂ ಬರ್ಬೇಕು. ಹಿಂದೆ ನಿಂತು ಚಪ್ಪಾಳೆ ಹೊಡೀಬೇಕು. ಅಂಗೈ ಉರಿಯೋ ಹಾಗೆ ಹೊಡೀರಿ.”

ಶನಿವಾರ ಬೆಳಿಗ್ಗೆ ನಾದಿನಿ ಯಜಮಾನನ ಅಂಗಿಗೆ ಇಸ್ತ್ರಿ ಮುಗಿಸಿ ತೂಗುಹಾಕಿದಳು. ಮಸಿಯಕ್ಕ ಅದನ್ನು ತೆಗೆದು ತನ್ನ ಮೇಜಿನ ಮೇಲೆ ಬೋರಲು ಹರಡಿ, ಕಿಟಕಿಗೆ ಗೋಣಿ ಎಳೆದಳು.

ಗುರುತಿನ ಶಾಯಿಯ ಗುಣವೇ ಬೇರೆ. ಬರೆದಾಗ ಅದು ನೀರಿನಂತಿರುತ್ತದೆ. ಒಣಗಿದ ಮೇಲೆ ಬಿಳಿ ಬಟ್ಟೆಯ ಮೇಲೆ ಏನೂ ಕಾಣುವುದಿಲ್ಲ. ಬಿಸಿಲೋ ಬಿಸಿ ಇಸ್ತ್ರಿಯೋ ತಾಕಿದರೆ ನಿಧಾನಕ್ಕೆ ಕಂದಾಗಿ ಆಮೇಲೆ ಕರ್ರಗಾಗುತ್ತದೆ. ಆದಮೇಲೆ ಸೋಪು, ಸೋಡಾ, ಬಾಯ್ಲರು ಯಾವುದಕ್ಕೂ ಬಗ್ಗುವುದಿಲ್ಲ. ಬಟ್ಟೆ ಹರಿದು ನೆಲ ಒರೆಸುವ ಚಿಂದಿಯಾದರೂ ಗುರುತು ಉಳಿದಿರುತ್ತದೆ. ಅದಕ್ಕೇ ಬಾಟಲಿಗೆ ಕಪ್ಪು ಕಾಗದ ಸುತ್ತಿಡುವುದು, ಅದಕ್ಕೇ ಅವಳ ಬೆರಳು ಹಾಗಿರುವುದು. ಮಸಿಯಕ್ಕ ಸಣ್ಣ ಕಡ್ಡಿಯನ್ನು ಬದಿಗಿಟ್ಟು, ಆಸ್ಪತ್ರೆಯ ಕಂಬಳಿಗೆ ಗುರುತು ಹಾಕುವ ಅಗಲ ಕುಂಚ ಕೈಗೆತ್ತಿಕೊಂಡಳು.

“ಅತ್ತಿಗೆ, ಏನೇ ಮಾಡ್ತಿದೀಯ?”

“ಗುರುತು ಹಾಕ್ತಿದೀನಿ.”

ನಾದಿನಿ ಬಗ್ಗಿ ನೋಡಿದಳು. ಒದ್ದೆ ಅಕ್ಷರ ಒಂದೊಂದಾಗಿ ಹೊಳೆಯುತ್ತಿದ್ದವು. ಓದಿ ಮುಗಿಸಿ ಅವಳು ಕಿಟಕಿಯ ಗೋಣಿಯನ್ನು ಇನ್ನಷ್ಟು ಎಳೆದಳು. ಆಮೇಲೆ ಮೆಲ್ಲಗೆ, “ಕೆಲಸ ಹೋಗುತ್ತೆ ಕಣೇ” ಎಂದಳು.

“ಸಂಬಳ ಇಲ್ಲದ್ದಕ್ಕೆ ಕೆಲಸ ಅಂತಾರೇನೇ?”

“ಹನ್ನೆರಡಕ್ಕೆ ಮಳಿಗೆನೂ ಹೋಗುತ್ತೆ.”

“ಹೂಂ. ಹೋಗುತ್ತೆ.” ಮಸಿಯಕ್ಕ ಶಾಯಿ ಬಾಟಲಿಯ ಮುಚ್ಚಳ ಬಿಗಿ ಮಾಡಿದಳು. ಹದಿನಾಲ್ಕು ಕಡೆ ಹಾಕಿ ತೆಗೆದಿದ್ದ ಮೇಜು ಕಣ್ಣ ಮುಂದೆ ಬಂತು. “ನಿನಗೆ ಹೆದರಿಕೆ ಆದ್ರೆ ಬೇಡ. ಅಂಗಿ ಹಿಡಿಯೋಳು ನೀನು. ಈಗಲೇ ಹೇಳು, ನೀರಿಗೆ ಅದ್ದಿಬಿಡ್ತೀನಿ. ಒಣಗೋ ಮುಂಚೆ ಹೋಗುತ್ತೆ ಇದು.”

ನಾದಿನಿ ಹೋಗಿ ಬಾಗಿಲು ಓರೆ ಮಾಡಿದಳು. ನಂತರ ರಟ್ಟಿನ ಚೂರು ತಂದು ಅಕ್ಷರಗಳ ಮೇಲೆ ಗಾಳಿ ಬೀಸತೊಡಗಿದಳು. “ನಮ್ಮ ಫ್ಯಾನು ತಂದಿದ್ರೆ ಬೇಗ ಒಣಗ್ತಿತ್ತು,” ಎಂದಳು.

ಹತ್ತೂವರೆಗೆ ಯಜಮಾನ ಕನ್ನಡಿಯ ಮುಂದೆ ನಿಂತು ಕೈ ಹಿಂದಕ್ಕೆ ಚಾಚಿದ. ನಾದಿನಿ ಅಂಗಿ ಹಿಡಿದಳು. ಬೆಳ್ಳಗೆ ಗರಿಗರಿಯಾಗಿದ್ದ ಅಂಗಿ ಅವನ ಬೆನ್ನಿಗೆ ಸರಿಯಾಗಿ ಕೂತಿತು. ಅವಳು ಎಂದೂ ಮಾಡದವಳು, ಭುಜದ ಮೇಲಿನ ಧೂಳು ಸಹ ಕೊಡವಿದಳು. ಯಜಮಾನ ಕನ್ನಡಿಯಲ್ಲಿ ಎದೆ ನೋಡಿಕೊಂಡು ಬಿಸಿಲಿಗಿಳಿದ. ಬ್ಯಾಂಕು ಎರಡು ಬೀದಿ ಆಚೆ. ಮೂವತ್ತೊಂದು ಜನ ಅವನ ಹಿಂದೆ ನಡೆದರು.

ಮೊದಲ ಬೀದಿ ಮುಗಿಯುವಷ್ಟರಲ್ಲಿ ಏನೂ ಆಗಲಿಲ್ಲ. ಮಸಿಯಕ್ಕ ಹೆಜ್ಜೆ ಚುರುಕು ಮಾಡಿ ಯಜಮಾನನ ಬೆನ್ನಿಗೆ ಹತ್ತಿರವಾದಳು. ಹಳೇ ಬಾಟಲಿಯ ಶಾಯಿ ಕೈಕೊಟ್ಟಿತೇನೋ ಅಂದುಕೊಂಡಳು. ಎರಡನೇ ಬೀದಿಯ ಅರ್ಧದಲ್ಲಿ, ಬೆನ್ನಿನ ಮೇಲೆ ಚಹಾ ಚೆಲ್ಲಿದ ಕಲೆಯಂತೆ ಒಂದು ಕಂದು ಗೀಟು ಎದ್ದಿತು. ಬಾಯ್ಲರಿನವನು ಬಾಯಿ ತೆರೆದ. ನಾದಿನಿ ಅವನ ಕಾಲು ತುಳಿದಳು. ಬಾಯಿ ಮುಚ್ಚಿತು.

ಬ್ಯಾಂಕಿನ ಅಂಗಳದಲ್ಲಿ ವೇದಿಕೆಗೆ ಮಾತ್ರ ನೆರಳು. ಯಜಮಾನನನ್ನು ಮುಂದಿನ ಸಾಲಿನಲ್ಲಿ, ಒರಗಿಲ್ಲದ ಬೆಂಚಿನ ಮೇಲೆ, ಬಿಸಿಲಿಗೆ ಬೆನ್ನು ಮಾಡಿ ಕೂರಿಸಿದರು. ಮ್ಯಾನೇಜರು ಸಾಲದ ಶಿಸ್ತು ಎಂಬ ವಿಷಯದ ಮೇಲೆ ಭಾಷಣ ಶುರು ಮಾಡಿದ. ಒಳ್ಳೆಯ ಭಾಷಣವಿರಬೇಕು, ಬೇಕಾದಷ್ಟು ಉದ್ದವಿತ್ತು. ಹಿಂದಿನ ಸಾಲಿನ ಒಬ್ಬ ಹೆಂಗಸು ಕಣ್ಣು ಕಿರಿದು ಮಾಡಿದಳು. ಪಕ್ಕದವಳನ್ನು ತಿವಿದಳು. ಪಕ್ಕದವಳು ಓದಿ ತನ್ನ ಗಂಡನನ್ನು ತಿವಿದಳು. ಪಿಸುಪಿಸು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹರಿಯಿತು. ಜನ ತನ್ನನ್ನೇ ನೋಡುತ್ತಿದ್ದಾರೆ ಎಂದು ಯಜಮಾನನಿಗೂ ಗೊತ್ತಾಯಿತು. ಗೊತ್ತಾಗಿ ಅವನು ಇನ್ನಷ್ಟು ನೆಟ್ಟಗೆ ಕೂತ. ಬೆನ್ನಿನ ಬಟ್ಟೆ ಬಿಗಿಯಾಗಿ ಅಕ್ಷರ ಇನ್ನೂ ಸ್ಪಷ್ಟವಾದವು.

ಹೆಸರು ಕರೆದರು. ಅವನು ವೇದಿಕೆ ಹತ್ತಿ, ಮ್ಯಾನೇಜರನ ಕೈ ಕುಲುಕಲು ಇಡೀ ಅಂಗಳಕ್ಕೆ ಬೆನ್ನು ತಿರುಗಿಸಿದ. ಅಷ್ಟು ಹೊತ್ತಿಗೆ ಶಾಯಿ ಕರ್ರಗಾಗಿತ್ತು. ಹನ್ನೆರಡರೊಳಗೆ ಮಸಿಯಕ್ಕನನ್ನು ಕಾಣಲೆಂದು ಕೋಲೂರಿ ಬಂದು ಎಲ್ಲರ ಹಿಂದೆ ನಿಂತಿದ್ದ ದರ್ಜಿ ತಾತ, “ಏನು ಬರೆದಿದೆಯಪ್ಪ, ನನಗೆ ಕಾಣಲ್ಲ, ಯಾರಾದ್ರೂ ಗಟ್ಟಿಯಾಗಿ ಓದಿ” ಎಂದ. ಯಾರೋ ಓದಿದರು.

“ಮೂವತ್ತೊಂದು ಜನರ ಮೂರು ತಿಂಗಳ ಸಂಬಳ ಬಾಕಿ. ಸ್ಕೋರು ಮೈನಸ್ ಮೂವತ್ತೊಂದು.”

ಮಸಿಯಕ್ಕ ಚಪ್ಪಾಳೆ ಹೊಡೆದಳು. ನಾದಿನಿ ಹೊಡೆದಳು. ಬಾಯ್ಲರಿನವನು, ಹಿಂಡುವವಳು, ಮಡಿಸುವವರು, ಯಜಮಾನ ಹೇಳಿದ್ದ ಹಾಗೆ ಎಲ್ಲರೂ ಅಂಗೈ ಉರಿಯುವಂತೆ ಹೊಡೆದರು. ಚಪ್ಪಾಳೆ ಮಾತ್ರ ಕೇಳಿಸಿದ ಯಜಮಾನ ತಿರುಗಿ, ಕೈ ಜೋಡಿಸಿ, ಹಲ್ಲು ಬಿಟ್ಟು ನಕ್ಕ. ಅವನ ಬೆನ್ನಿನ ಹಿಂದೆ ಈಗ ಮ್ಯಾನೇಜರು ಓದುತ್ತಿದ್ದ. ಓದುತ್ತಿದ್ದವನ ಮುಖ ಇಳಿಯಿತು.

ವೇದಿಕೆಯ ಪಕ್ಕದಲ್ಲಿದ್ದ ಕನ್ನಡಕದವನು ಗುಂಪಿನ ಕಡೆ ಓಡಿಬಂದ.

“ಯಾರು? ಯಾರು ಬರೆದಿದ್ದು ಇದನ್ನ?”

ಚಪ್ಪಾಳೆ ನಿಂತಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಡಬ್ಬಿಯಲ್ಲಿ ಹದಿನಾರು ಸಾವಿರದ ಎಂಟುನೂರು ಇತ್ತು. ಮಸಿಯಕ್ಕ ಬಲಗೈ ಎತ್ತಿದಳು. ಮೂರು ಕಪ್ಪು ಬೆರಳು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

“ನಾನು ಸ್ವಾಮಿ,” ಎಂದಳು. “ಇಲ್ಲೇ ಇದ್ದೀನಿ. ಬರ್ಕೊಳ್ಳಿ.”